ನೀಲಾಂಜನೆಯ ಪ್ರತಿರೂಪ, ಕರುಳಿನ ತಂತಿ

ಲಂಡನ್ನಿಗೆ ನಾನು ಹೋದದ್ದು ಸಂಗೀತ ಕೇಳುವುದಕ್ಕಲ್ಲ. ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹಕ್ಕೆ ಸೇರಿದ ಕೆಲವು ಕಾಗದಪತ್ರಗಳನ್ನು ಬ್ರಿಟಿಷ್ ಲೈಬ್ರರಿಯಲ್ಲಿ ನೋಡಬೇಕಾಗಿತ್ತು. ಮೆಕೆಂಜಿಗೆ ಜೈನ ಸಮಾಜದ ವಿಷಯವನ್ನು ತಿಳಿಸಿಕೊಟ್ಟ ಮಲೆಯೂರಿನ ಧರ್ಮಯ್ಯನ ಜಾಡು ಹಿಡಿದು ಬಹಳ ವರ್ಷಗಳಿಂದ ಅಲೆಯುತ್ತಿರುವವನು ನಾನು. ಆ ಜಾಡಿನ ಕಥೆಯನ್ನು ಬೇರೊಮ್ಮೆ ಬರೆಯುತ್ತೇನೆ. ಲೈಬ್ರರಿ ಮುಚ್ಚಿರುವ ಒಂದು ಭಾನುವಾರ ತಂಗಿಯ ಮಗಳು, "ಮಾವ, ನಿಮ್ಮ ಓಲೆಗರಿಯವರಂಥವರೇ ಇಲ್ಲಿಯೂ ಇದ್ದಾರೆ, ಬನ್ನಿ" ಎಂದು ಒಂದು ಹಳೆಯ ಇಗರ್ಜಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಸಣ್ಣ ತಂಡ ಹೆನ್ರಿ ಪರ್ಸೆಲ್‌ನ 'ಡೈಡೋ ಅಂಡ್ ಈನಿಯಾಸ್' ಎಂಬ ಆಪೆರಾವನ್ನು ಅವನ ಕಾಲದ ವಾದ್ಯಗಳ ಮಾದರಿಯಲ್ಲೇ ಮಾಡಿದ ವಾದ್ಯಗಳೊಂದಿಗೆ ಆಡುವುದಿತ್ತು.

ತಂಡ ಸಣ್ಣದು ಎಂದೆ. ಹಾಡುವವರು ಹತ್ತು ಹನ್ನೆರಡು ಮಂದಿ, ನುಡಿಸುವವರು ಎಂಟು. ರಂಗವೆಂದರೆ ಇಗರ್ಜಿಯ ಪೂಜಾಪೀಠದ ಮುಂದೆ ಹಾಕಿದ ಹಲಗೆಯ ಜಗಲಿ. ಪರದೆ ಇಲ್ಲ. ಟಿಕೆಟು ಹರಿದುಕೊಟ್ಟ ಹೆಂಗಸೇ ಆಮೇಲೆ ಮಾಟಗಾತಿಯ ವೇಷದಲ್ಲಿ ಬಂದಳು. ನಮ್ಮ ಊರಿನ ಹವ್ಯಾಸಿ ಯಕ್ಷಗಾನ ಸಂಘದ ನೆನಪಾಗಿ ನನಗೆ ಸಮಾಧಾನವೇ ಆಯಿತು. ಈ ಕೃತಿಗೆ ಸಣ್ಣತನ ಹುಟ್ಟಿನಿಂದಲೇ ಬಂದದ್ದು. 1680ರ ದಶಕದ ಕೊನೆಯಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜೋಸಾಯಸ್ ಪ್ರೀಸ್ಟ್ ಎಂಬ ನೃತ್ಯಗುರು ನಡೆಸುತ್ತಿದ್ದ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಅದು ಆಡಲ್ಪಟ್ಟಿತು. ಅದಕ್ಕೂ ಮುಂಚೆ ಅರಮನೆಯಲ್ಲಿ ಆಡಿರಬಹುದೆಂಬ ವಾದವೂ ಇದೆ. ವರ್ಜಿಲನ ಮಹಾಕಾವ್ಯದ ನಾಲ್ಕನೆಯ ಪರ್ವದ ಕಥೆಯನ್ನು ನೇಹಮ್ ಟೇಟ್ ಎಂಬ ಕವಿ ಪದ್ಯನಾಟಕವಾಗಿಸಿದ. ಆಡಲು ಹೆಚ್ಚೆಂದರೆ ಒಂದು ಗಂಟೆ ಸಾಕು. ಕಾರ್ಥೇಜಿನ ರಾಣಿ ಡೈಡೋ, ಟ್ರಾಯ್ ಸುಟ್ಟ ಮೇಲೆ ಕಡಲಲ್ಲಿ ಅಲೆಯುತ್ತ ಬಂದ ಈನಿಯಾಸನನ್ನು ಪ್ರೀತಿಸುತ್ತಾಳೆ, ಮಾಟಗಾತಿಯರು ದೇವದೂತನ ವೇಷದಲ್ಲಿ ಒಂದು ಭೂತವನ್ನು ಕಳಿಸಿ ಅವನನ್ನು ಹೊರಡಿಸುತ್ತಾರೆ, ಅವಳು ಸಾಯುತ್ತಾಳೆ.

ಶುರುವಾಗುವ ಮುಂಚೆ ಶ್ರುತಿ ಮಾಡಿಕೊಳ್ಳುವುದೇ ಒಂದು ಕಾಲು ಗಂಟೆ ನಡೆಯಿತು. ಹೊರಗೆ ಸಣ್ಣ ಮಳೆ. ಕುರಿಯ ಕರುಳಿನಿಂದ ಹೊಸೆದ ತಂತಿಗಳು ಗಾಳಿಯ ತೇವಕ್ಕೆ ಒಪ್ಪಿದ ಶ್ರುತಿಯಲ್ಲಿ ನಿಲ್ಲುವುದಿಲ್ಲ ಎಂದು ಸೊಸೆ ಪಿಸುಗುಟ್ಟಿದಳು. ಕರುಳು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸ್ವಲ್ಪ ಹೊತ್ತು ನನಗೆ ಬೇರೇನೂ ಕೇಳಿಸಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಂಪಾದಕನಾಗಿ ನನಗೆ ಆದ ಇರುಸುಮುರುಸನ್ನು ಹೇಳಬೇಕು.

ಪರ್ಸೆಲ್ 1695ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಈ ಕೃತಿಯ ಸ್ವಹಸ್ತಪ್ರತಿ ಇಲ್ಲ. ಉಳಿದಿರುವ ಅತ್ಯಂತ ಹಳೆಯ ಸ್ವರಲಿಪಿಯ ಪ್ರತಿ, ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿರುವುದು, ಅವನು ಸತ್ತ ಎಷ್ಟೋ ದಶಕಗಳ ನಂತರ ಯಾರೋ ನಕಲು ಮಾಡಿದ್ದು. ಸಾಹಿತ್ಯದ ಮುದ್ರಿತ ಪ್ರತಿ ಮಾತ್ರ ಚೆಲ್ಸಿಯ ಪ್ರದರ್ಶನದ್ದೇ ಇದೆ. ಈ ಎರಡನ್ನೂ ಎದುರುಬದುರು ಇಟ್ಟರೆ ಹೊಂದುವುದಿಲ್ಲ. ಸಾಹಿತ್ಯದಲ್ಲಿರುವ ಪ್ರಸ್ತಾವನೆಯ ಸಂಗೀತ ಪೂರ್ತಿ ಲುಪ್ತ. ಎರಡನೆಯ ಅಂಕದ ಕೊನೆಯಲ್ಲಿ, ಹೊರಡಲೇಬೇಕೆಂದು ಈನಿಯಾಸ್ ಹಲುಬಿದ ಮೇಲೆ, ಮಾಟಗಾತಿಯರು ಆರು ಸಾಲು ಹಾಡಿ ಕುಣಿಯುತ್ತಾರೆಂದು ಸಾಹಿತ್ಯ ಹೇಳುತ್ತದೆ. ಸ್ವರಲಿಪಿ ಈನಿಯಾಸನ ಅಳಲಿನಲ್ಲಿಯೇ ನಿಂತುಬಿಡುತ್ತದೆ. ಪರ್ಸೆಲ್ ಅದಕ್ಕೆ ಸಂಗೀತ ಬರೆದು ಅದು ಕಳೆದುಹೋಯಿತೋ, ಬರೆಯಲೇ ಇಲ್ಲವೋ ಎಂಬುದು ವಿದ್ವಾಂಸರ ಜಗಳ. ಈ ಜಗಳ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಸಾವಿರಾರು ಕಿಲೋಮೀಟರ್ ಆಚೆಗೂ ನಮ್ಮ ಕುಲದವರೇ ಇದ್ದಾರೆ ಅನ್ನಿಸಿತು.

ಆದರೆ ಈ ತಂಡ ಅಲ್ಲಿ ನಿಲ್ಲಲಿಲ್ಲ. ಆರು ಸಾಲನ್ನು ಹಾಡಿತು, ಕುಣಿಯಿತು. ಪರ್ಸೆಲ್ ಬೇರೆ ನಾಟಕಗಳಿಗೆ ಬರೆದ ಸಂಗೀತದಿಂದ ತುಣುಕುಗಳನ್ನು ತಂದು ಆ ಸಾಲುಗಳಿಗೆ ಹೊಂದಿಸಿದ್ದಾರೆಂದು ಕೈಗೆ ಕೊಟ್ಟಿದ್ದ ಕರಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಸಭೆಯಲ್ಲಿ ಎಷ್ಟು ಮಂದಿ ಅದನ್ನು ಓದಿದ್ದರೋ! ಕುಣಿತ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ನನ್ನ ಕಿರಿಕಿರಿ. ಸೇರಿಕೆ ಎಂದು ಗೊತ್ತಾಗದಂತೆ ಸೇರಿಸುವುದು ನಮ್ಮ ಶಾಸ್ತ್ರದಲ್ಲಿ ಪ್ರಕ್ಷೇಪ. ಅದನ್ನು ಹುಡುಕಿ ಹೊರಹಾಕುವುದಕ್ಕೇ ನಮಗೆ ಸಂಬಳ.

ಪಂಪನ 'ಆದಿಪುರಾಣ'ವನ್ನು ಪಾಠ ಮಾಡಿದವರಿಗೆ ಈ ಸಂದರ್ಭ ಇನ್ನೊಂದನ್ನು ನೆನಪಿಸದೆ ಇರದು. ವೃಷಭನ ಸಭೆಯಲ್ಲಿ ನೀಲಾಂಜನೆ ನರ್ತಿಸುತ್ತಿದ್ದಾಳೆ. ಅವಳ ಆಯುಷ್ಯ ಮುಗಿಯುತ್ತ ಬಂದಿದೆಯೆಂದು ತಿಳಿದೇ ಇಂದ್ರ ಅವಳನ್ನು ಕರೆತಂದಿದ್ದಾನೆ. ನೃತ್ಯದ ನಡುವೆ ಅವಳು ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣದಲ್ಲೇ ಅವಳಂಥವಳನ್ನೇ ಅವಳ ಜಾಗದಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ, ಸಭೆಗೆ ತಿಳಿಯುವುದಿಲ್ಲ. ತಿಳಿಯುವುದು ವೃಷಭನೊಬ್ಬನಿಗೆ. ಅವನಿಗೆ ಅದು ವೈರಾಗ್ಯಕ್ಕೆ ದಾರಿ. ಆ ಇಗರ್ಜಿಯ ಬೆಂಚಿನ ಮೇಲೆ ಕುಳಿತು ಕರಪತ್ರದ ಸಣ್ಣಕ್ಷರ ಓದಿದ್ದ ನನಗೂ ತಿಳಿಯಿತು. ಬಂದದ್ದು ವೈರಾಗ್ಯವಲ್ಲ, ವಿಮರ್ಶಕನ ಸಿಟ್ಟು. ಅವಧಿಜ್ಞಾನಕ್ಕೂ ಅಡಿಟಿಪ್ಪಣಿಯ ಜ್ಞಾನಕ್ಕೂ ಅಷ್ಟು ಅಂತರವಿದೆ.

ಹಳೆಯ ಸಂಗೀತವನ್ನು ಹಳೆಯ ವಾದ್ಯದಲ್ಲೇ ಕೇಳಬೇಕೆಂಬ ಹಟ ಯುರೋಪಿನಲ್ಲಿಯೂ ಬಹಳ ಹಳೆಯದಲ್ಲ. ಆರ್ನಾಲ್ಡ್ ಡಾಲ್ಮೆಚ್ ಎಂಬಾತ ಹಾರ್ಪ್ಸಿಕಾರ್ಡ್, ಲ್ಯೂಟ್, ರೆಕಾರ್ಡರ್‌ಗಳನ್ನು ತಾನೇ ಮಾಡಿ, ಹದಿನೇಳು ಹದಿನೆಂಟನೆಯ ಶತಮಾನದ ಸಂಗೀತವನ್ನು ಹೇಗೆ ನುಡಿಸಬೇಕೆಂದು 1915ರಲ್ಲಿ ಪುಸ್ತಕ ಬರೆದ. 1925ರಲ್ಲಿ ಇಂಗ್ಲೆಂಡಿನ ಹೇಸಲ್ಮಿಯರ್ ಎಂಬ ಊರಿನಲ್ಲಿ ಉತ್ಸವ ಶುರುಮಾಡಿದ. ನಿಕೊಲಾಸ್ ಹಾರ್ನನ್‌ಕೂರ್ ವಿಯೆನ್ನಾದಲ್ಲಿ 1953ರಲ್ಲಿ ತನ್ನ ವಾದ್ಯವೃಂದವನ್ನು ಕಟ್ಟಿದ. ವಿಲಿಯಂ ಕ್ರಿಸ್ಟಿ ಪ್ಯಾರಿಸ್ಸಿನಲ್ಲಿ 1979ರಲ್ಲಿ ಕಟ್ಟಿದ 'ಲೆಜಾರ್ ಫ್ಲೊರಿಸಾಂ' ತಂಡ ಲುಲ್ಲಿಯ 'ಆಟಿಸ್' ಎಂಬ 1676ರ ಆಪೆರಾವನ್ನು 1987ರಲ್ಲಿ ರಂಗಕ್ಕೆ ತಂದಾಗ, ಗ್ರಂಥಾಲಯದ ವಸ್ತುವಾಗಿದ್ದ ಒಂದು ಪರಂಪರೆಯೇ ಎದ್ದು ಕುಳಿತಿತು. ಸ್ವೀಡನ್ನಿನ ಡ್ರೊಟ್ನಿಂಗ್‌ಹೋಮ್ ಅರಮನೆಯ 1766ರ ರಂಗಮಂದಿರ ಶತಮಾನಕ್ಕೂ ಮಿಕ್ಕಿ ಮರೆತು ಬಿದ್ದಿತ್ತು. 1921ರಲ್ಲಿ ಆಗ್ನೆ ಬೇಯರ್ ಎಂಬ ವಿದ್ವಾಂಸ ಒಂದು ಚಿತ್ರವನ್ನು ಹುಡುಕಿಕೊಂಡು ಒಳಹೊಕ್ಕಾಗ ಮರದ ಯಂತ್ರಗಳು, ಬಣ್ಣ ಬಳಿದ ಪರದೆಗಳು ಇದ್ದಲ್ಲೇ ಇದ್ದವು. ಮೂಡುಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ ಓಲೆಗಳು ಪೂಜೆಗೊಳ್ಳುತ್ತ, ಓದಿಸಿಕೊಳ್ಳದೆ ಶತಮಾನಗಳ ಕಾಲ ಕುಳಿತಿದ್ದ ನಾಡಿನವನಾದ ನನಗೆ ಈ ಕಥೆಯಲ್ಲಿ ಆಶ್ಚರ್ಯವೇನೂ ಇಲ್ಲ. ಅಸೂಯೆ ಇದೆ. ನಮ್ಮ ಓಲೆಗಳು ಕೊನೆಗೆ ಹೊರಬಂದು ಅಚ್ಚಾದವು. ಆದರೆ ಪಂಪ ಸಭೆಯಲ್ಲಿ ಓದಿದ್ದರೆ ಯಾವ ಧ್ವನಿಯಲ್ಲಿ, ಯಾವ ಗತಿಯಲ್ಲಿ ಓದಿದ ಎಂಬುದನ್ನು ಕಟ್ಟಿಕೊಳ್ಳುವ ಒಂದು ಡಾಲ್ಮೆಚ್ ಮನೆತನ ನಮಗೆ ಹುಟ್ಟಲಿಲ್ಲ.

ಹಾಗೆಂದು ಇವರು ಕಟ್ಟಿಕೊಂಡದ್ದು ಪರ್ಸೆಲ್ ಕೇಳಿದ ನಾದವೇ ಎಂದು ನಂಬಬೇಕಾಗಿಲ್ಲ. ಅಮೆರಿಕದ ವಿದ್ವಾಂಸ ರಿಚರ್ಡ್ ತರಸ್ಕಿನ್ ಈ ಚಳವಳಿಯನ್ನು ಕಟುವಾಗಿ ಕೆಣಕಿದ್ದ: ನೀವು ಪ್ರಾಚೀನವೆಂದು ಕರೆಯುವ ಈ ಚುರುಕು, ಈ ತೆಳುವು, ಈ ನಿರ್ಭಾವ ನಿಮ್ಮ ಇಪ್ಪತ್ತನೆಯ ಶತಮಾನದ ರುಚಿಯೇ ಎಂಬುದು ಅವನ ವಾದದ ತಿರುಳು. ಶ್ರುತಿಯ ವಿಷಯವನ್ನೇ ನೋಡಿ. ಈಗಿನ ವಾದ್ಯವೃಂದಗಳು ಆಧಾರಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ ಇಟ್ಟುಕೊಂಡರೆ ಹಳೆಯ ವಾದ್ಯದವರು 415ಕ್ಕೆ ಇಳಿಸುತ್ತಾರೆ. ಆ ಕಾಲದಲ್ಲಿ ಊರೂರಿಗೆ ಬೇರೆ ಬೇರೆ ಶ್ರುತಿ ಇತ್ತು. 415 ಎಂಬುದು ಈಗಿನದಕ್ಕಿಂತ ಸರಿಯಾಗಿ ಅರ್ಧಸ್ವರ ಕೆಳಗೆ ಬರುತ್ತದೆಂದು ಅನುಕೂಲಕ್ಕೆ ಎಲ್ಲರೂ ಒಪ್ಪಿಕೊಂಡ ಅಂಕಿ. ನಾವು ಮುದ್ರಿತ ಹಳಗನ್ನಡ ಗ್ರಂಥಗಳಲ್ಲಿ ಕಾಗುಣಿತವನ್ನು ಏಕರೂಪಕ್ಕೆ ತರುವುದಿಲ್ಲವೇ, ಹಾಗೆ.

ಆದರೂ ನನ್ನನ್ನು ಮೆತ್ತಗಾಗಿಸಿದ ಒಂದು ಸಂಗತಿ ಇದೆ. ಆ ಕಾಲದ ಸ್ವರಲಿಪಿಯಲ್ಲಿ ಹಾರ್ಪ್ಸಿಕಾರ್ಡ್ ನುಡಿಸುವವನಿಗೆ ಬರೆದುಕೊಟ್ಟಿರುವುದು ಕೆಳಗಿನ ಮಂದ್ರದ ಒಂದು ಸಾಲು, ಅದರ ಜೊತೆಗೆ ಅಲ್ಲಲ್ಲಿ ಕೆಲವು ಅಂಕಿ. ನಡುವಿನದೆಲ್ಲ ಖಾಲಿ. ಅಂಕಿಗಳನ್ನು ನೋಡಿ, ಹಾಡುಗಾರ್ತಿಯ ಉಸಿರನ್ನು ನೋಡಿ, ಅವನು ಅಲ್ಲೇ ತುಂಬಬೇಕು. ಆಳೆತ್ತರದ ಕತ್ತಿನ ಥಿಯೋರ್ಬೊ ಎಂಬ ತಂತಿವಾದ್ಯವನ್ನು ಮಡಿಲಲ್ಲಿ ಓರೆಯಾಗಿ ಹಿಡಿದಿದ್ದ ಹುಡುಗನೂ ಅದನ್ನೇ ಮಾಡುತ್ತಿದ್ದ. ನಮ್ಮ ಓಲೆಗರಿಯಲ್ಲಿ ಎಕಾರ ಒಕಾರಗಳ ಹ್ರಸ್ವ ದೀರ್ಘಕ್ಕೆ ಭೇದವಿಲ್ಲ, ಪದ ಬಿಡಿಸಿಲ್ಲ, ವಿರಾಮಚಿಹ್ನೆ ಇಲ್ಲ. ಓದುವವನು ಛಂದಸ್ಸಿನ ಲೆಕ್ಕ ಹಿಡಿದು ತುಂಬಿಕೊಳ್ಳುತ್ತಾನೆ. ಬರಹವೆಂಬುದು ಪೂರ್ತಿಯಾಗಿರಬೇಕೆಂಬ ನಿರೀಕ್ಷೆ ಅಚ್ಚಿನ ಮೊಳೆಯ ಜೊತೆಗೆ ನಮಗೆ ಬಂದದ್ದಿರಬೇಕು. ಹಾಗಾದರೆ ಒಂದು ಸ್ವರಗುಚ್ಛವನ್ನು ತುಂಬುವುದಕ್ಕೂ ಆರು ಸಾಲಿನ ಕುಣಿತವನ್ನು ತುಂಬುವುದಕ್ಕೂ ನಡುವಿನ ಗೆರೆ ಎಲ್ಲಿದೆ? ಗೆರೆ ಇದೆ ಎಂದೇ ಈಗಲೂ ನನ್ನ ಮತ. ಅದು ನಾನು ತಿಳಿದಷ್ಟು ನೇರವಾಗಿಲ್ಲ.

ಕೊನೆಯಲ್ಲಿ ಡೈಡೋಳ ಶೋಕಗೀತೆ ಬಂತು. ಮಂದ್ರದ ತಂತಿಗಳು ಅರ್ಧರ್ಧ ಸ್ವರವಾಗಿ ಮೆಟ್ಟಿಲಿಳಿಯುವ ಐದು ಅಳತೆಯ ಒಂದು ನಡೆ, ಬದಲಾಗದೆ ಹನ್ನೊಂದು ಬಾರಿ ಮರಳಿ ಮರಳಿ ಬರುತ್ತದೆ. ಮೇಲೆ ಅವಳ ಹಾಡು ಆ ನಡೆಯ ಕೊನೆಗೆ ತನ್ನ ಕೊನೆಯನ್ನು ಹೊಂದಿಸದೆ, ದಾಟಿ, ಹಿಂದೆ ಬಿದ್ದು, ತಪ್ಪಿಸಿಕೊಳ್ಳಲು ನೋಡುತ್ತದೆ. ಕರುಳಿನ ತಂತಿಯ ನಾದಕ್ಕೆ ಉಕ್ಕಿನ ತಂತಿಯ ಹೊಳಪಿಲ್ಲ. ಬಿಲ್ಲು ತಾಗಿದ ಮೊದಲ ಕ್ಷಣದಲ್ಲಿ ಒಂದು ಸಣ್ಣ ಕೆರೆತ, ಮಾತಿನ ಮುಂಚೆ ಗಂಟಲು ಕಟ್ಟಿದಂತೆ, ಆಮೇಲೆ ನಾದ. ಅವಳು ಕೈ ಎತ್ತಲಿಲ್ಲ. ಇಡೀ ನಾಟಕದಲ್ಲಿ ಅಂಗೈ ಬೆರಳುಗಳನ್ನು ಆ ಕಾಲದ ಚಿತ್ರಗಳಲ್ಲಿರುವಂತೆ ಲೆಕ್ಕವಿಟ್ಟು ಬಳಸಿದವಳು ಅಲ್ಲಿ ಕೈಗಳನ್ನು ಮರೆತಂತೆ ನಿಂತಿದ್ದಳು. ನನ್ನ ಪಕ್ಕದ ಮುದುಕರು ಕಣ್ಣು ಒರಸಿಕೊಂಡರು. ನನ್ನದೂ ಒದ್ದೆಯಾಗಿತ್ತು. ಸರಿಯಾಗಿ ಆಗಲೇ ಕುರಿಯ ನೆನಪಾಯಿತು.

ಜೈನ ಗೃಹಸ್ಥನಿಗೆ ಹಿಂಸೆಯ ಲೆಕ್ಕ ಸರಳವಲ್ಲ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆ ಹೇಳಿ, ಸಂಕಲ್ಪಿಸಿ ಮಾಡುವುದನ್ನು ಪೂರ್ತಿ ಬಿಡು, ಉಳಿದದ್ದರಲ್ಲಿ ಎಚ್ಚರವಿರಲಿ ಎಂದು ಶಾಸ್ತ್ರ ಅವನಿಗೆ ಸ್ವಲ್ಪ ಜಾಗ ಕೊಡುತ್ತದೆ. ಅದೇ ಶಾಸ್ತ್ರ ಕೃತ, ಕಾರಿತ, ಅನುಮೋದನ ಎಂದು ಇನ್ನೊಂದು ಬಲೆಯನ್ನೂ ಹಾಸಿದೆ: ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಸಂತೋಷಪಡುವುದು. ಆ ಕುರಿಯನ್ನು ನಾನು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ. ಆದರೆ ನನ್ನ ಕಣ್ಣು ಒದ್ದೆಯಾಯಿತಲ್ಲ, ಅದು ಅನುಮೋದನವಲ್ಲದೆ ಏನು?

ಇದನ್ನು ಬರೆಯುತ್ತಿರುವಾಗ ನನ್ನ ಮನೆಯ ಗೋಡೆಯೂ ನೆನಪಾಗುತ್ತದೆ. ಅಲ್ಲಿ ಒಂದು ಮದುವೆಯ ಚಿತ್ರವಿದೆ; ವಧೂವರರಿಬ್ಬರೂ ರೇಷ್ಮೆಯಲ್ಲಿದ್ದಾರೆ. ಪಂಚಕಲ್ಯಾಣದ ಮೆರವಣಿಗೆಯಲ್ಲಿ ಬಡಿಯುವ ಚೆಂಡೆಗೆ ಕಟ್ಟಿರುವುದು ಚರ್ಮ. ನಮ್ಮ ಕಛೇರಿಗಳ ಪಿಟೀಲಿಗೆ ಉಕ್ಕಿನ ತಂತಿ ಬಂದಿದೆ ನಿಜ, ಕಮಾನಿಗೆ ಕಟ್ಟಿರುವುದು ಕುದುರೆಯ ಬಾಲದ ಕೂದಲು. ನನ್ನ ತಾಯಿ ಮಾತ್ರ ನಡುವಯಸ್ಸಿನಲ್ಲಿ ಒಂದು ವ್ರತ ಹಿಡಿದು ರೇಷ್ಮೆ ಬಿಟ್ಟಳು. ಯಾರಿಗೂ ಉಪದೇಶ ಮಾಡಲಿಲ್ಲ. ಮದುವೆ ಮುಂಜಿಗಳಿಗೆ ಹತ್ತಿಯ ಸೀರೆಯಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ಅವಳು ನನ್ನ ಪಕ್ಕದ ಬೆಂಚಿನಲ್ಲಿದ್ದಿದ್ದರೆ ಎದ್ದು ಹೋಗುತ್ತಿದ್ದಳೋ, ಹಾಡು ಮುಗಿಯುವವರೆಗೆ ಕುಳಿತಿರುತ್ತಿದ್ದಳೋ ಎಂದು ಬಹಳ ಸಲ ಯೋಚಿಸಿದ್ದೇನೆ.

ಆಟ ಮುಗಿದ ಮೇಲೆ ಇಗರ್ಜಿಯ ಹಿಂಬದಿಯ ಕೋಣೆಯಲ್ಲಿ ಚಹಾ ಇಟ್ಟಿದ್ದರು. ಮೊದಲ ಪಿಟೀಲು ನುಡಿಸಿದ ಹಿರಿಯ ಹೆಂಗಸು ಸೊಸೆಗೆ ಪರಿಚಯದವರು. ನನ್ನ ಪ್ರಶ್ನೆಗೆ ಅವರು ನಗಲಿಲ್ಲ, ಅಡ್ಡಾದಿಡ್ಡಿ ಸಮರ್ಥನೆಯನ್ನೂ ಕೊಡಲಿಲ್ಲ. ಥಿಯೋರ್ಬೊದ ಹುಡುಗನನ್ನು ಕರೆದು ಅವನ ತಂತಿಗಳನ್ನು ತೋರಿಸಿದರು. ಅವು ಕರುಳಲ್ಲ, ಕರುಳಿನ ತೂಕ, ಕರುಳಿನ ನಾದ ಬರುವಂತೆ ಇಟಲಿಯಲ್ಲಿ ಮಾಡಿದ ಕೃತಕ ತಂತಿ. ಹಾರ್ಪ್ಸಿಕಾರ್ಡಿನ ಒಳಗೆ ತಂತಿಯನ್ನು ಮೀಟುವುದು ಹಿಂದೆ ಹಕ್ಕಿಯ ಗರಿಯ ದಂಟು, ಈಗ ಹೆಚ್ಚಿನವರು ಪ್ಲಾಸ್ಟಿಕ್ ಹಾಕುತ್ತಾರೆ ಎಂದರು. "ಬಿಲ್ಲಿನಿಂದ ನುಡಿಸುವ ವಾದ್ಯಕ್ಕೆ ಮಾತ್ರ ಕೃತಕವಾದದ್ದು ನನ್ನ ಕೈಗೆ ಒಪ್ಪಲಿಲ್ಲ. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ" ಎಂದರು.

ಹಳೆಯ ಕಾಲವನ್ನು ಇದ್ದ ಹಾಗೇ ತರುತ್ತೇವೆನ್ನುವವರು ಕೂಡ ಎಲ್ಲವನ್ನೂ ತರುವುದಿಲ್ಲ ಎಂಬುದು ಅಲ್ಲಿಯೇ ನನಗೆ ಹೊಳೆಯಿತು. ಇದೇ ಲಂಡನ್ನಿನ ಹೇಮಾರ್ಕೆಟ್ ರಂಗಮಂದಿರದಲ್ಲಿ 1731ರಲ್ಲಿ ಹ್ಯಾಂಡಲ್ 'ಪೋರೊ' ಎಂಬ ಆಪೆರಾ ಆಡಿಸಿದ. ಅಲೆಕ್ಸಾಂಡರನ ಎದುರು ನಿಂತ ನಮ್ಮ ಪೌರವನೇ ಅದರ ನಾಯಕ. ಆ ಪಾತ್ರವನ್ನು ಹಾಡಿದವನು ಸೆನೆಸಿನೊ. ಧ್ವನಿ ಒಡೆಯಬಾರದೆಂದು ಬಾಲ್ಯದಲ್ಲೇ ಬೀಜ ಒಡೆಸಿಕೊಂಡ ಗಾಯಕರ ಪೈಕಿ ಅವನೊಬ್ಬ. ಇಂದು ಆ ಪಾತ್ರಗಳನ್ನು ಹೆಂಗಸರೋ, ಕೃತಕ ಉಚ್ಚಸ್ವರದಲ್ಲಿ ಹಾಡುವ ಗಂಡಸರೋ ಹಾಡುತ್ತಾರೆ. ಯಾವ ಪ್ರಾಚೀನತೆಯ ಹಟಮಾರಿಯೂ ಆ ಒಂದು ವಾದ್ಯವನ್ನು ಮತ್ತೆ ಮಾಡೋಣ ಎಂದಿಲ್ಲ. ಮನುಷ್ಯನ ಮಗುವಿನ ಹತ್ತಿರ ಎಳೆದ ಗೆರೆಯನ್ನು ಕುರಿಮರಿಯವರೆಗೆ ಏಕೆ ಚಾಚಬಾರದು? ಇದನ್ನು ನಾನು ಆ ಹೆಂಗಸಿಗೆ ಹೇಳಲಿಲ್ಲ. ರೇಷ್ಮೆಯ ಮದುವೆ ಚಿತ್ರದವನಿಗೆ ಅಷ್ಟು ಬಾಯಿ ಬರಲಿಲ್ಲ.

ಲೈಬ್ರರಿಯ ಉಳಿದ ದಿನಗಳಲ್ಲಿ ಮೆಕೆಂಜಿಯ ಕಾಗದಗಳ ನಡುವೆ ನನಗೆ ಜನ್ನನೇ ಎದುರಾಗುತ್ತಿದ್ದ. 1209ರ 'ಯಶೋಧರ ಚರಿತೆ'ಯಲ್ಲಿ ಸಂಗೀತವೂ ಹಿಂಸೆಯೂ ಒಂದೇ ಕಥೆಯೊಳಗೆ ಹೆಣೆದುಕೊಂಡಿವೆ. ಅಷ್ಟಾವಂಕನ ಹಾಡು ಇರುಳಿನಲ್ಲಿ ಅರಮನೆಯ ಅಮೃತಮತಿಯ ಕಿವಿಗೆ ಬಿದ್ದದ್ದರಿಂದ ಎಲ್ಲವೂ ಮೊದಲಾಗುತ್ತದೆ. ಕಡೆಗೆ ಯಶೋಧರ ತಾಯಿಯ ಮಾತಿಗೆ ಕಟ್ಟುಬಿದ್ದು, ಜೀವ ತೆಗೆಯಲಾರೆನೆಂದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಹಿಟ್ಟಿನ ಕೋಳಿ ಕೂಗುತ್ತದೆ. ಸಂಕಲ್ಪವಿದ್ದ ಮೇಲೆ ಹಿಟ್ಟೂ ಜೀವವೇ ಎಂದು ತಾಯಿ ಮಗ ಭವಭವಗಳಲ್ಲಿ ಅನುಭವಿಸುತ್ತಾರೆ. ಇಷ್ಟು ವರ್ಷ ಪಾಠ ಮಾಡಿದ ಭಾಗ ಇದು. ಈಗ ಥಿಯೋರ್ಬೊದ ಹುಡುಗನ ಕೃತಕ ತಂತಿಯನ್ನು ನೆನೆದಾಗ ಅದು ತಲೆಕೆಳಗಾಗಿ ಕಾಣುತ್ತದೆ. ಅವನ ತಂತಿಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಆದರೆ ಕರುಳಿನ ನಾದವೇ ಬೇಕೆಂಬ ಆಸೆ ಇದೆ. ಅದು ಅಹಿಂಸೆಯೋ, ಹಿಟ್ಟಿನ ಕೋಳಿಯೋ? ನಮ್ಮ ದಿಗಂಬರ ಮುನಿಗಳ ಪಿಂಛಿಗೆ ನವಿಲು ತಾನಾಗಿ ಉದುರಿಸಿದ ಗರಿಯನ್ನಷ್ಟೇ ಆಯುತ್ತಾರೆ. ಕರುಳನ್ನು ಯಾವ ಪ್ರಾಣಿಯೂ ತಾನಾಗಿ ಉದುರಿಸುವುದಿಲ್ಲ. ಈ ತರ್ಕವನ್ನು ಎಲ್ಲಿಗೆ ಒಯ್ದರೂ ಕೊನೆಗೆ ನಾನು ಒಂದೇ ಕಡೆ ಬಂದು ನಿಲ್ಲುತ್ತೇನೆ: ಆ ಹಾಡನ್ನು ನಾನು ಇನ್ನೊಮ್ಮೆ ಕೇಳಲು ಬಯಸುತ್ತೇನೆ.

ಊರಿಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ನಮ್ಮ ಕಡೆಯ ಹಿರಿಯ ಗಮಕಿಯೊಬ್ಬರಿಗೆ ಫೋನು ಮಾಡಿದ್ದು. ಅದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಒಂದೇ ಪ್ರತಿಯ ಆಧಾರದಿಂದ ನಾನೊಂದು ಸಣ್ಣ ಸಾಂಗತ್ಯಕೃತಿಯನ್ನು ಸಂಪಾದಿಸಿದ್ದೆ. ಓಲೆಯ ಅಂಚನ್ನು ಹುಳು ತಿಂದಿದ್ದರಿಂದ ಒಂದು ಸಂಧಿಯ ನಾಲ್ಕೈದು ಪದ್ಯಗಳಲ್ಲಿ ಒಂದೊಂದು ಪಾದ ಇರಲಿಲ್ಲ. ನಾನು ಶಿಸ್ತಾಗಿ ಚುಕ್ಕಿಗಳನ್ನಿಟ್ಟೆ. ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಅದನ್ನು ವಾಚಿಸಲು ಒಪ್ಪಿಕೊಂಡಿದ್ದ ಆ ಗಮಕಿಗಳು ಮನೆಗೆ ಬಂದು, "ಮಾಷ್ಟ್ರೇ, ಚುಕ್ಕಿಯನ್ನು ಯಾವ ರಾಗದಲ್ಲಿ ಹಾಡುವುದು? ಪ್ರಾಸ ಗೊತ್ತುಂಟು, ಗಣ ಗೊತ್ತುಂಟು, ನಾಲ್ಕು ಪದ ಕೊಡಿ" ಎಂದು ಕೇಳಿದ್ದರು. ನಾನು ಕೊಡಲಿಲ್ಲ. ಕವಿ ಬರೆಯದ್ದನ್ನು ಕವಿಯ ಹೆಸರಿನಲ್ಲಿ ಹಾಡಿಸುವುದು ಅಪಚಾರವೆಂದು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅವರು ಚಹಾ ಕುಡಿದು ಹೋದರು. ಆ ವಾಚನಕ್ಕೆ ನಾನು ಹೋಗಲಿಲ್ಲ. ಪರೀಕ್ಷೆಯ ಕೆಲಸವೋ ಏನೋ ನೆಪವಿತ್ತು.

ಫೋನಿನಲ್ಲಿ ಇಗರ್ಜಿಯ ಕಥೆಯನ್ನೆಲ್ಲ ಹೇಳಿ, "ಆ ಪಾದಗಳಿಗೆ ಈಗ ಏನಾದರೂ ಬರೆದು ಕಳಿಸುತ್ತೇನೆ, ಸೇರಿಸಿದ್ದು ಎಂದು ವಾಚನದ ಮೊದಲು ಒಂದು ಮಾತು ಹೇಳಿದರಾಯಿತು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು.

"ಬರೆಯುವುದೆಂಥದು ಮಾಷ್ಟ್ರೇ! ಅವತ್ತೇ ನಾನು ತುಂಬಿಸಿ ಹಾಡಿಯಾಗಿದೆ. ಈಚೆಗೆ ಹುಡುಗರು ಯಾರೋ ಅದನ್ನು ರೆಕಾರ್ಡೂ ಮಾಡಿಕೊಂಡು ಹೋದರು. ನಿಮ್ಮ ಪುಸ್ತಕದಲ್ಲಿ ಇಲ್ಲವಲ್ಲ ಎಂದು ಒಬ್ಬ ಕೇಳಿದ. ಅಚ್ಚಿನವರು ಬಿಟ್ಟಿರಬೇಕು ಎಂದೆ."